ಕುಚ್ಚಿನ ದಾರದ ಎಂಜಲು

ನನಗೆ ಸಿಟ್ಟೇ ಬರುವುದಿಲ್ಲ ಎಂದು ನಮ್ಮವರೆಲ್ಲ ಹೇಳುತ್ತಾರೆ. ಹೊಗಳಿಕೆ ಎಂದುಕೊಂಡೇ ಹೇಳುತ್ತಾರೆ. ಗುಬ್ಬಿಯ ತವರಿನಲ್ಲೂ, ತುಮಕೂರಿನ ಬಟವಾಡಿಯ ಈ ಮನೆಯಲ್ಲೂ, ಕುಣಿಗಲ್ಲಿನಲ್ಲಿರುವ ನನ್ನ ಗಂಡನ ಅಕ್ಕನ ಮನೆಯಲ್ಲೂ ನನಗಿರುವ ಹೆಸರು ಒಂದೇ: "ಕಾನ್ವೆಂಟಲ್ಲಿ ಓದಿದೋಳು, ಒಂದ್ ಮಾತು ಜೋರಾಗಿ ಆಡಲ್ಲ." ಕಳೆದ ವರ್ಷ ರಂಜಾನ್ ತಿಂಗಳಲ್ಲಿ ನಮ್ಮ ವರಾಂಡದಲ್ಲಿ ಒಬ್ಬ ಹೆಂಗಸಿಗೆ ಅವಮಾನವಾಯಿತು. ಅದನ್ನು ನಿಲ್ಲಿಸಲು ನಾನು ಆಡಬೇಕಿದ್ದದ್ದು ಎರಡೇ ಎರಡು ಪದ. ಆಡಲಿಲ್ಲ. ನನ್ನ ಹೆಸರು ಉಳಿಯಿತು, ಅವರ ಹೆಸರು ಕೆಟ್ಟಿತು. ಅಂದಿನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯದಿರಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಅವರು ಸೀರೆಯ ಸೆರಗಿಗೆ ಕುಚ್ಚು ಹಾಕುವವರು. ಮನೆ ಶಿರಾ ಗೇಟ್ ಹತ್ತಿರದ ಓಣಿಯೊಂದರಲ್ಲಿ, ಗಂಡನಿಗೆ ಹಿರೇಹಳ್ಳಿಯ ಕಾರ್ಖಾನೆಯಲ್ಲಿ ಕೆಲಸ. ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಬಣ್ಣಬಣ್ಣದ ರೇಷ್ಮೆ ದಾರದ ಲಡಿಗಳನ್ನು ತುಂಬಿಕೊಂಡು ಸಿಟಿ ಬಸ್ಸಿನಲ್ಲಿ ಬರುತ್ತಿದ್ದರು. ನಮ್ಮ ಬೀದಿಯಲ್ಲಿ ಅವರನ್ನು ಕುಚ್ಚಿನ ಸಾಬ್ರಮ್ಮ ಎನ್ನುತ್ತಿದ್ದರು. ನಾನೂ ಹಾಗೆಯೇ ಅನ್ನುತ್ತಿದ್ದೆ. ಅವರನ್ನು ನಮ್ಮ ವರಾಂಡಕ್ಕೆ ಕರೆಸಿದವಳು ನಾನು. ವಿಶ್ವಾಸದಿಂದ ಕರೆಸಿದ್ದಲ್ಲ. ರೇಷ್ಮೆ ಸೀರೆಯನ್ನು ಗೊತ್ತಿಲ್ಲದವರ ಮನೆಗೆ ಹೇಗೆ ಕಳಿಸುವುದು, ನಮ್ಮ ಕಣ್ಣೆದುರಿಗೇ ಕೂತು ಹಾಕಲಿ ಎಂದು ಕರೆಸಿದ್ದು. ಆಮೇಲೆ ಬೀದಿಯ ಉಳಿದ ಹೆಂಗಸರೂ ಸೀರೆಗಳನ್ನು ನಮ್ಮ ಮನೆಗೇ ತಂದುಕೊಡತೊಡಗಿದರು. ವಾರಕ್ಕೆ ಎರಡು ಮೂರು ದಿನ ಅವರು ನಮ್ಮ ವರಾಂಡದಲ್ಲೇ ಇರುತ್ತಿದ್ದರು.

ಕೆಲಸಕ್ಕೆ ಕೂರುವ ಮೊದಲು ಕೈ ತೊಳೆದು, ತಾವೇ ತಂದ ಬಿಳಿ ಬಟ್ಟೆಯಲ್ಲಿ ಒರೆಸಿಕೊಂಡು, ಅಂಗೈಯನ್ನು ಒಮ್ಮೆ ಮೂಸಿ ನೋಡಿಕೊಳ್ಳುತ್ತಿದ್ದರು, ಎಣ್ಣೆಯ ವಾಸನೆ ಉಳಿದಿದೆಯೇ ಎಂದು. ಸೆರಗಿನ ಅಂಚನ್ನು ನನ್ನ ಹಳೆಯ ದಿಂಬೊಂದಕ್ಕೆ ಗುಂಡುಪಿನ್ನಿನಿಂದ ಸಿಕ್ಕಿಸಿ, ಅದನ್ನು ತೊಡೆಯ ಮೇಲಿಟ್ಟುಕೊಂಡು ಬೆನ್ನು ಬಗ್ಗಿಸಿದರೆ ಮಧ್ಯಾಹ್ನದವರೆಗೆ ತಲೆ ಎತ್ತುತ್ತಿರಲಿಲ್ಲ. ಕಾಫಿ ಕೊಡುತ್ತಿದ್ದೆ. ಅದಕ್ಕೊಂದು ಬೇರೆ ಲೋಟವಿತ್ತು, ಅಂಚು ಸೊಟ್ಟಗಾದ ಸ್ಟೀಲ್ ಲೋಟ. ಕುಡಿದಾದ ಮೇಲೆ ಅವರೇ ತೊಳೆದು ಹೊರಗಿನ ಕಿಟಕಿಯ ಮೇಲೆ ಬೋರಲು ಹಾಕಬೇಕು. ಹಾಕು ಎಂದು ನಾನು ಯಾವತ್ತೂ ಹೇಳಿರಲಿಲ್ಲ. ಅವರೇ ತಿಳಿದುಕೊಂಡಿದ್ದರು. ಹೇಳದೆಯೇ ತಿಳಿಯುವಂತೆ ನಡೆದುಕೊಳ್ಳುವುದನ್ನು ನಾನು ಆಗ ಸಭ್ಯತೆ ಎಂದುಕೊಂಡಿದ್ದೆ.

ಮೊದಲ ವರ್ಷದ ರಂಜಾನಿನಲ್ಲಿ ಆ ಲೋಟ ಕಿಟಕಿಯ ಮೇಲೆಯೇ ಧೂಳು ಹಿಡಿಯಿತು. "ರೋಜಾ ಇದೀನಿ ಅಕ್ಕ" ಎಂದರು. ಸರಿ, ನೀರಾದರೂ ಕುಡಿಯಬಹುದಲ್ಲ ಎಂದೆ. ಇಲ್ಲ ಎಂದು ತಲೆಯಾಡಿಸಿದರು. ಅದೇ ದಿನ ಸೂಜಿಯನ್ನೂ ದಾರವನ್ನೂ ನನ್ನ ಕಡೆ ಚಾಚಿದರು.

"ಅಕ್ಕಾ, ಇದೊಂದು ಪೋಣಿಸ್ಕೊಡ್ತೀರಾ?"

ಪೋಣಿಸಿಕೊಟ್ಟೆ. ಸ್ವಲ್ಪ ಹೊತ್ತಿಗೆ ಇನ್ನೊಂದು. ಮತ್ತೊಂದು. ಕುಚ್ಚಿಗೆ ಒಂದೊಂದು ಸೂಜಿಯಲ್ಲಿ ನಾಲ್ಕೈದು ಎಳೆ ರೇಷ್ಮೆಯನ್ನು ಒಟ್ಟಿಗೆ ತೂರಿಸಬೇಕು. ತುದಿಯಲ್ಲಿ ಎಳೆಗಳು ಕೂದಲಿನಂತೆ ಸೀಳಿಕೊಂಡು ನಿಲ್ಲುತ್ತವೆ. ಐದನೆಯ ಸಲಕ್ಕೆ ನನಗೆ ಕನಿಕರ ಬಂದುಬಿಟ್ಟಿತು. ನನ್ನ ಕನಿಕರ ಯಾವಾಗಲೂ ಉಪದೇಶವಾಗಿಯೇ ಹೊರಗೆ ಬರುವುದು.

"ನಲವತ್ತು ದಾಟಿದ್ಮೇಲೆ ಎಲ್ರಿಗೂ ಹಿಂಗೇ ಆಗೋದು. ಇದ್ರಲ್ಲಿ ನಾಚ್ಕೊಳೋದೇನಿದೆ? ಬಟವಾಡೀಲೇ ಕಣ್ಣಿನ ಡಾಕ್ಟ್ರಿದಾರೆ, ತೋರಿಸ್ಕೋ" ಎಂದು ಹೇಳಿ, ಒಳಗಿನಿಂದ ನನ್ನ ಗಂಡನ ಹಳೆಯ ಕನ್ನಡಕವನ್ನು ತಂದುಕೊಟ್ಟೆ.

ಅವರು ಹಾಕಿಕೊಂಡು ನನ್ನನ್ನೇ ನೋಡಿದರು. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. "ಇದ್ರಲ್ಲಿ ನೀವು ಎರಡೆರಡು ಕಾಣ್ತೀರ. ನನ್ನ ಕಣ್ಣಿಗೇನಾಗಿಲ್ಲ ಅಕ್ಕ, ಬಾಯಿಗೆ ಬೀಗ ಬಿದ್ದೈತೆ."

ಆಗ ಬಿಡಿಸಿ ಹೇಳಿದರು. ಬೇರೆ ದಿನಗಳಲ್ಲಿ ದಾರದ ತುದಿಯನ್ನು ತುಟಿಗಿಟ್ಟು, ಒದ್ದೆ ಮಾಡಿ, ಹೊಸೆದು ಪೋಣಿಸುವುದು. "ಬಾಯಿಗಿಟ್ರೆ ಬಣ್ಣದ ರುಚಿ ಬರತ್ತೆ. ಎಂಜ್ಲು ಜೊತೆ ಅದೂ ಒಳಗೋದ್ರೆ? ಅಷ್ಟಕ್ಕೆಲ್ಲ ರೋಜಾ ಹೋಗಲ್ಲ ಅನ್ನೋರೂ ಇದಾರೆ. ನಂಗೆ ಅನುಮಾನ ಬೇಡ."

"ಯಾರಿಗೆ ಗೊತ್ತಾಗತ್ತೆ?" ಎಂದು ಕೇಳಿದೆ. ಈಗ ನೆನೆಸಿಕೊಂಡರೆ ಕೆನ್ನೆ ಬಿಸಿಯಾಗುತ್ತದೆ.

"ನಂಗೆ ಗೊತ್ತಾಗತ್ತಲ್ಲ ಅಕ್ಕ."

ಕಾನ್ವೆಂಟಿನ ಹೊಲಿಗೆ ಕ್ಲಾಸಿನಲ್ಲಿ ದಾರ ಬಾಯಿಗಿಟ್ಟವರಿಗೆ ಸಿಸ್ಟರ್ ಸ್ಕೇಲಿನಿಂದ ಬೆರಳ ಗೆಣ್ಣಿಗೆ ಕೊಡುತ್ತಿದ್ದರು. ಅಷ್ಟು ಏಟು ತಿಂದೂ ನಾನು ಕಲಿತದ್ದು ಸಿಸ್ಟರ್ ಬೋರ್ಡಿನ ಕಡೆ ತಿರುಗಿದಾಗ ಬಾಯಿಗಿಡಬೇಕು ಎಂಬುದನ್ನು ಮಾತ್ರ. ಈಗಲೂ ತುಟಿಗಿಡದೆ ಸೂಜಿ ಪೋಣಿಸಲು ನನಗೆ ಬರುವುದಿಲ್ಲ. ಅಂದಿನಿಂದ ಪ್ರತಿ ರಂಜಾನಿನಲ್ಲೂ, ಅವರು ಬಂದ ದಿನ ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಹನ್ನೆರಡು ಸೂಜಿಗಳಿಗೆ ದಾರವನ್ನು ತುಟಿಯಲ್ಲಿ ಒದ್ದೆ ಮಾಡಿ, ಪೋಣಿಸಿ, ದಿಂಬಿನ ಮೂಲೆಗೆ ಸಾಲಾಗಿ ಚುಚ್ಚಿಡುವುದು ನನ್ನ ಕೆಲಸವಾಯಿತು. ಎಂಜಲು ಎನ್ನುವುದಾದರೆ, ಆ ಎಲ್ಲ ವರ್ಷಗಳ ರಂಜಾನಿನ ಕುಚ್ಚುಗಳಲ್ಲಿ ಇರುವುದು ನನ್ನ ಎಂಜಲು. ಇದನ್ನು ನೆನಪಿಟ್ಟುಕೊಳ್ಳಿ. ನನ್ನ ಸಿಟ್ಟೆಲ್ಲ ಇದರ ಮೇಲೆಯೇ ನಿಂತಿದೆ.

ನನಗೆ ಗೊತ್ತಿದ್ದ ಉಪವಾಸ ಬೇರೆ. ಗುಬ್ಬಿಯಲ್ಲಿ ಅಮ್ಮನ ಶನಿವಾರದ ಒಪ್ಪತ್ತು ಎಂದರೆ ಮಕ್ಕಳಾದ ನಮಗೆ ಹಬ್ಬ. ಅವಲಕ್ಕಿ, ಸಬ್ಬಕ್ಕಿ, ಬಾಳೆಹಣ್ಣಿನ ರಸಾಯನ. ಅಮ್ಮನ ಭಕ್ತಿಯನ್ನು ಆಡಿಕೊಳ್ಳುತ್ತಿಲ್ಲ, ಅವಳು ತಿನ್ನುತ್ತಿದ್ದದ್ದು ಕಡಿಮೆ, ಮಾಡಿ ಬಡಿಸಿದ್ದೇ ಹೆಚ್ಚು. ಸ್ಕೂಲಿನಲ್ಲಿ ಸಿಸ್ಟರ್‌ಗಳು ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಇಷ್ಟವಾದದ್ದೊಂದನ್ನು ಬಿಡಿ ಎನ್ನುತ್ತಿದ್ದರು. ನಾನು ಪೆಪ್ಪರ್‌ಮೆಂಟು ಬಿಟ್ಟಿದ್ದೆ. ಯಾರಿಗೂ ಕಾಣದ ಬಾಯಿಯ ಒಳಗೆ, ಒಂದು ದಾರದ ತುದಿಯಷ್ಟು ಜಾಗವನ್ನು ಹೀಗೆ ಕಾಯುತ್ತ ಕೂರಬಹುದು ಎಂಬುದು ನನಗೆ ಹೊಸದು.

ಒಮ್ಮೆ ಹೇಳದೆ ಕೇಳದೆ ನಾನೂ ಒಂದು ದಿನ ಪ್ರಯತ್ನಿಸಿದೆ. ಹನ್ನೊಂದು ಗಂಟೆಯವರೆಗೆ ಚೆನ್ನಾಗಿಯೇ ಇದ್ದೆ. ಆಮೇಲೆ ನೋಡುತ್ತೇನೆ, ಸಾರಿನ ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು ನೆಕ್ಕಿ ಉಪ್ಪು ನೋಡಿ ಆಗಿಹೋಗಿದೆ. ಕೈ ತಾನಾಗಿಯೇ ಬಾಯಿಗೆ ಹೋಗಿತ್ತು, ನನಗೆ ತಿಳಿದೇ ಇರಲಿಲ್ಲ. ವರಾಂಡಕ್ಕೆ ಹೋಗಿ ಕೇಳಿದೆ, "ಸಾಯಂಕಾಲಕ್ಕೆ ಅಡುಗೆ ಮಾಡ್ತೀಯಲ್ಲ, ಉಪ್ಪು ಹೆಂಗೆ ನೋಡ್ತೀಯಾ?"

"ಮೂಗಲ್ಲಿ" ಎಂದರು, ಕುಚ್ಚಿನಿಂದ ತಲೆ ಎತ್ತದೆ.

ಮಾರ್ಚ್ ತಿಂಗಳ ಮಧ್ಯಾಹ್ನ. ಹಿತ್ತಲಿನ ಕೊಳಾಯಿಯಲ್ಲಿ ನಮಾಜಿಗೆ ಮೊದಲು ಅವರು ಕೈಕಾಲು ಮುಖ ತೊಳೆಯುವುದನ್ನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಬೊಗಸೆ ನೀರು ಬಾಯಿಗೆ ಹೋಗುತ್ತಿತ್ತು. ಬೆಳಗಿನ ಜಾವದಿಂದ ಒಣಗಿದ ಬಾಯಿ. ಅಷ್ಟೂ ನೀರು ಹೊರಗೆ ಬರುತ್ತಿತ್ತು. ಮೂರು ಸಲ. ಗಂಟಲು ಒಮ್ಮೆಯೂ ಅಲುಗುತ್ತಿರಲಿಲ್ಲ. ಆ ಗಂಟಲನ್ನು ನೋಡಿದ ಮೇಲೆ ಅವರನ್ನು ನೀನು ಎನ್ನಲು ನನ್ನ ಬಾಯಿಗೆ ಆಗಲಿಲ್ಲ. ಅಂದಿನಿಂದ ನೀವು, ಸ್ವಲ್ಪ ದಿನಕ್ಕೆ ಆಪಾ, ಅವರ ಮನೆಮಾತಿನಲ್ಲಿ ಅಕ್ಕ. ಕಿಟಕಿಯ ಮೇಲಿನ ಲೋಟ ಮಾತ್ರ ಅಷ್ಟು ಬೇಗ ಇಳಿಯಲಿಲ್ಲ. ಅದು ಒಳಗಿನ ಸ್ಟ್ಯಾಂಡಿಗೆ ಬರಲು ಇನ್ನೂ ಮೂರು ವರ್ಷ ಹಿಡಿಯಿತು.

ಕಳೆದ ವರ್ಷ ಅತ್ತಿಗೆಯ ಮಗಳ ಮದುವೆ ಯುಗಾದಿಯ ನಂತರಕ್ಕೆ ನಿಶ್ಚಯವಾಗಿತ್ತು. ಅತ್ತಿಗೆ ಧಾರೆ ಸೀರೆಯನ್ನು ತೆಗೆದುಕೊಂಡು ಕುಣಿಗಲ್ಲಿನಿಂದ ಸ್ವತಃ ಬಂದರು. ಅರಿಶಿನ ಬಣ್ಣ, ಕೆಂಪು ಅಂಚು. ಅತ್ತಿಗೆ ಕೆಟ್ಟವರಲ್ಲ. ನನ್ನ ಹೆರಿಗೆಯಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಮೂರು ದಿನ ಕೂತವರು. ಕೆಟ್ಟವರಾಗಿದ್ದರೆ ನನ್ನ ಸಿಟ್ಟಿಗೆ ಕೆಲಸ ಸುಲಭವಾಗಿರುತ್ತಿತ್ತು. ಅಂದು ಬೆಳಿಗ್ಗೆ ಆಪಾಗೂ ಒಂದು ತಟ್ಟೆ ಕೋಡುಬಳೆ ಹಿಡಿದು ಬಂದು, ರೋಜಾ ಎಂದಾಗ, "ನಂಗೊತ್ತಾಗ್ಲಿಲ್ಲ ಬುಡಮ್ಮ, ಕಟ್ಕೊಡ್ತೀನಿ, ಸಂಜೆ ತಿನ್ನು" ಎಂದವರೂ ಅವರೇ.

ಮಧ್ಯಾಹ್ನ ಅತ್ತಿಗೆ ಮಹಡಿಯ ಮೇಲೆ ಮದುವೆಗೆ ಸಂಡಿಗೆ ಒಣಹಾಕುತ್ತಿದ್ದರು. ಕೆಳಗೆ ಕೊಳಾಯಿಯ ಹತ್ತಿರ ಆಪಾ ಬಾಯಿ ಮುಕ್ಕಳಿಸಿದ್ದು ಮೇಲಿನಿಂದ ಕಂಡಿದೆ. ನಾನು ಮಜ್ಜಿಗೆ ಕುಡಿದು, ಅತ್ತಿಗೆಗೂ ಒಂದು ಲೋಟ ತಟ್ಟೆಯಲ್ಲಿಟ್ಟುಕೊಂಡು ವರಾಂಡಕ್ಕೆ ಬರುವ ಹೊತ್ತಿಗೆ ಅವರು ಮೆಟ್ಟಿಲು ಇಳಿದಾಗಿತ್ತು. ಆಪಾ ನಮಾಜು ಮುಗಿಸಿ, ದಿಂಬನ್ನು ತೊಡೆಯ ಮೇಲೆ ಎಳೆದುಕೊಂಡು ಸೂಜಿಗೆ ಕೈಹಾಕುತ್ತಿದ್ದರು.

"ಏಯ್, ತಡಿ. ಮುಟ್ಬೇಡ ಸೀರೇನ."

ಆಪಾ ಕೈ ಎತ್ತಿದರು.

"ಕೊಳಾಯಿ ಹತ್ರ ಮೂರ್ ಸಲ ಉಗುದ್ಬುಟ್ಟು ಬಂದಿದೀಯ. ನಾನು ಮೇಲಿಂದ ಕಣ್ಣಾರೆ ಕಂಡೆ. ನಿಮ್ಮೋರು ಉಗುದು ಕೊಡ್ತಾರೆ ಅಂತ ಮೊಬೈಲಲ್ಲಿ ಬರೋದೆಲ್ಲ ಸುಳ್ಳು ಅನ್ಕೊಂಡಿದ್ದೆ ಕಣಮ್ಮ ನಾನು."

"ಬಾಯಿ ಮುಕ್ಕಳಿಸ್ದೆ ಅಮ್ಮ, ನಮಾಜಿಗೆ."

"ಮತ್ತೆ ಈ ದಾರ?" ಅತ್ತಿಗೆ ದಿಂಬಿನ ಮೂಲೆಯಿಂದ ಒಂದು ಸೂಜಿ ಕಿತ್ತು ಬೆಳಕಿಗೆ ಹಿಡಿದರು. "ನೋಡು, ತುದಿ ಹೆಂಗೆ ಅಂಟ್ಕೊಂಡೈತೆ. ಎಲ್ಲ ಚೀಪಿ ಚೀಪಿ ತಾನೆ ಪೋಣ್ಸಿರೋದು? ನನ್ನ ಮಗಳು ಧಾರೆಗೆ ಉಡೋ ಸೀರೆ ಇದು. ಎಂಜಲು ಮಾಡಿ ಕೊಡ್ತೀಯಾ?"

ಆಪಾನ ಕಣ್ಣು ಒಮ್ಮೆ ನನ್ನ ಕಡೆ ಬಂತು. ಕರೆಯಲಿಲ್ಲ, ಬೇಡಲಿಲ್ಲ. ನಾನು ಅಲ್ಲಿದ್ದೇನೆ ಎಂಬುದನ್ನು ನೋಡಿಕೊಂಡಿತು, ಅಷ್ಟೆ. ಆಮೇಲೆ ಅತ್ತಿಗೆಯ ಕಡೆ ತಿರುಗಿ, "ನಾನು ರೋಜಾ ಇದೀನಮ್ಮ" ಎಂದರು.

"ಉಪಾಸ ಇದ್ರೆ? ಉಪಾಸ ಇದ್ರೆ ಏನ್ ಮಾಡಿದ್ರೂ ನಡೀತದಾ? ಏನೋ ಕೇಳಿದ್ರೆ ಏನೋ ಹೇಳ್ತೀಯಲ್ಲ."

"ನಾನು ರೋಜಾ ಇದೀನಿ." ಎರಡನೆಯ ಸಲ ಇನ್ನೂ ಮೆಲ್ಲಗೆ.

ನಾನು ಪೋಣಿಸಿದ್ದು. ಎರಡೇ ಪದ. ನಾಲಿಗೆಯ ತುದಿಯಲ್ಲಿ ಆ ಬೆಳಗಿನ ಕೆಂಪು ದಾರದ ಕಹಿ ಇನ್ನೂ ಇತ್ತು. ನನ್ನ ಬಾಯಿಂದ ಬಂದದ್ದು, "ಅತ್ತಿಗೆ, ಮಜ್ಜಿಗೆ ತಗೊಳ್ಳಿ."

ಆಪಾ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿಕೊಂಡರು. ಸೀರೆಯನ್ನು ಅದರದೇ ಮಡಿಕೆಗೆ ಮಡಿಸಿ, ಎರಡೂ ಕೈಯಲ್ಲಿ ಅತ್ತಿಗೆಗೆ ಕೊಟ್ಟರು. ಒಂಬತ್ತು ಕುಚ್ಚು ಆಗಿತ್ತು. ಗೇಟು ಸದ್ದಾಗದಂತೆ ಹಾಕಿಕೊಂಡು ಹೋದರು. ದಿಂಬಿನ ಮೇಲೆ ನಾನು ಪೋಣಿಸಿದ್ದ ಸೂಜಿಗಳು ಉಳಿದಿದ್ದವು.

ಸಾಯಂಕಾಲ ನನ್ನ ಗಂಡನಿಗೆ ಎಲ್ಲವನ್ನೂ ಹೇಳಿದೆ. "ಅಕ್ಕ ಹಳೇ ಕಾಲದೋಳು, ಹೋಗ್ಲಿ ಬಿಡು. ಮದುವೆ ಮನೆ, ದೊಡ್ಡದು ಮಾಡ್ಬೇಡ" ಎಂದರು. ಹಳೇ ಕಾಲದವರ ಕೈಯಲ್ಲಿ ಇದ್ದದ್ದು ಹೊಸ ಮೊಬೈಲು. ಅತ್ತಿಗೆ ಕುಣಿಗಲ್ಲಿಗೆ ಹೊರಡುವ ಮೊದಲು ಪಕ್ಕದ ಮನೆಯಾಕೆಗೆ ಹೇಳಿದ್ದರು. ಪಕ್ಕದ ಮನೆಯಾಕೆ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಬರೆದರು: ಕುಚ್ಚಿನವಳ ಹತ್ರ ಹುಷಾರು, ಉಗುಳಿ ಮುಟ್ಟುತ್ತಾಳಂತೆ, ಕಣ್ಣಾರೆ ಕಂಡವರಿದ್ದಾರೆ. ಕೊನೆಯಲ್ಲಿ ಕೈಮುಗಿದ ಚಿತ್ರ. ಮರುದಿನವೇ ಇಬ್ಬರು ಬಂದು, ನಮ್ಮ ಮನೆಯಲ್ಲಿಟ್ಟಿದ್ದ ತಮ್ಮ ಸೀರೆಗಳನ್ನು ವಾಪಸು ತೆಗೆದುಕೊಂಡು ಹೋದರು. ಒಬ್ಬರು ನನ್ನ ಕೈ ಹಿಡಿದು, "ಪಾಪ, ನಿಮ್ಮ ಒಳ್ಳೇತನಾನ ಉಪಯೋಗಿಸ್ಕೊಂಡ್ಳು" ಎಂದರು. ನಾನು ಅವರಿಗೂ ಕಾಫಿ ಕೊಟ್ಟೆ.

ನಾಲ್ಕನೆಯ ದಿನ ಆ ಸೂಜಿಗಳನ್ನು ಒಂದು ಚೂರು ಬಟ್ಟೆಗೆ ಚುಚ್ಚಿ ಹಿಡಿದುಕೊಂಡು ಸಿಟಿ ಬಸ್ಸು ಹತ್ತಿದೆ. ಅಷ್ಟು ವರ್ಷಗಳಲ್ಲಿ ಅವರ ಮನೆಗೆ ಹೋದದ್ದು ಅದೇ ಮೊದಲು. ಒಂದೇ ಕೋಣೆ, ಗೋಡೆಯ ಮೊಳೆಗಳಿಗೆ ಸೀರೆಯ ಕವರುಗಳನ್ನು ನೇತುಹಾಕುವ ಏರ್ಪಾಡು. ಆ ದಿನ ಮೊಳೆಗಳೆಲ್ಲ ಬರಿದು. ಆಪಾ ಕುರ್ಚಿಯನ್ನು ಒರೆಸಿ ಕೂರಿಸಿದರು. ಮಡಕೆಯಿಂದ ನೀರು ಬಗ್ಗಿಸಿಕೊಟ್ಟರು. ಸಾಲಾಗಿ ಬೋರಲು ಹಾಕಿದ್ದ ಲೋಟಗಳಲ್ಲಿ ಕೈಗೆ ಮೊದಲು ಸಿಕ್ಕಿದ್ದರಲ್ಲಿ. ನಾನು ಆ ಸಾಲನ್ನು ನೋಡಿದೆ. ಎಲ್ಲ ಒಂದೇ ತರಹದ ಲೋಟಗಳು. ಬೆಳಗಿನಿಂದ ಹನಿ ನೀರು ಮುಟ್ಟದವರ ಮುಂದೆ ಹೇಗೆ ಕುಡಿಯುವುದು ಎಂದು ಹಿಡಿದೇ ಕೂತೆ.

"ಕುಡೀರಿ ಅಕ್ಕ. ನೀವು ಕುಡಿದ್ರೆ ನನ್ನ ರೋಜಾ ಹೋಗಲ್ಲ."

"ದಾರ ಪೋಣಿಸಿದ್ದು ನಾನು ಅಂತ ಯಾಕೆ ಹೇಳಲಿಲ್ಲ ನೀವು?"

"ಹೇಳಿದ್ರೆ ನಿಮ್ಮತ್ತಿಗೆ ನಿಮ್ಮ ಮೇಲೆ ಬೀಳ್ತಿದ್ರು. ಮದುವೆ ಮನೆ." ಬಟ್ಟೆಯಿಂದ ಸೂಜಿಗಳನ್ನು ಬಿಡಿಸಿ ಡಬ್ಬಿಗೆ ಹಾಕಿಕೊಂಡರು. "ಅದೂ ಅಲ್ದೆ, ಬಾಯಿ ಬಿಟ್ಟಿದ್ರೆ ಅದೊಂದ್ ಮಾತಿಗೆ ನಿಲ್ತಿರ್ಲಿಲ್ಲ ಅಕ್ಕ. ನನ್ನ ಬಾಯಿ ನಿಮಗ್ಗೊತ್ತಿಲ್ಲ, ನಮ್ಮ ಓಣಿಯೋರ್ನ ಕೇಳಿ."

"ಮತ್ತೆ ರೋಜಾ ಇದೀನಿ ಅಂತ ಯಾಕೆ ಅಂದ್ರಿ?"

"ಯಾರಾದ್ರೂ ಬೈಯಕ್ಕೆ ಬಂದ್ರೆ ಹಂಗನ್ಬೇಕು. ಅವ್ರಿಗೆ ಹೇಳೋದಲ್ಲ ಅದು, ನಮಗೆ ನಾವೇ ಹೇಳ್ಕೊಳೋದು. ಹೊಟ್ಟೆ ಒಂದೇ ರೋಜಾ ಇದ್ರೆ ಆಯ್ತಾ? ನಾಲಿಗೆನೂ ಇರ್ಬೇಕು."

ಅಂದು ವರಾಂಡದಲ್ಲಿ ಅವರು ಮಾತನ್ನು ತಡೆಹಿಡಿದದ್ದನ್ನು ನಾನು ಹೆದರಿಕೆ ಎಂದುಕೊಂಡಿದ್ದೆ. ನನ್ನದನ್ನು ತಾಳ್ಮೆ ಎಂದುಕೊಂಡಿದ್ದೆ. ಎರಡನ್ನೂ ತಿರುವುಮುರುವು ಓದಿದ್ದೆ.

"ನಿಮಗೆ ಸಿಟ್ಟು ಬರಲಿಲ್ವಾ ಆಪಾ?"

"ಬಂತು. ಈಗ್ಲೂ ಐತೆ. ಹಬ್ಬ ಆಗೋವರ್ಗೂ ಇಟ್ಕೊಂಡಿದೀನಿ." ತಲೆ ಎತ್ತಿ ನನ್ನನ್ನು ನೋಡಿದರು. ದನಿಯಲ್ಲಿ ಕಹಿ ಇರಲಿಲ್ಲ, ಅದಕ್ಕೇ ಇನ್ನೂ ಆಳಕ್ಕೆ ಹೋಯಿತು. "ನಾನು ಸುಮ್ನಿದ್ದೆ, ನಾನು ರೋಜಾ ಇದ್ದೆ. ನೀವ್ಯಾಕೆ ಸುಮ್ನಿದ್ರಿ ಅಕ್ಕ? ನೀವು ಮಜ್ಜಿಗೆ ಕುಡಿದಿದ್ರಲ್ಲ."

ಇನ್ನು ಮೇಲೆ ನಮ್ಮ ವರಾಂಡಕ್ಕೆ ಬರುವುದಿಲ್ಲ ಎಂದೂ ಹೇಳಿದರು, ಹವಾಮಾನದ ವಿಷಯ ಹೇಳುವಷ್ಟು ಸಹಜವಾಗಿ. ಬಸ್ಸಿನಲ್ಲಿ ವಾಪಸು ಬರುತ್ತ ಲೆಕ್ಕವಿಲ್ಲದಷ್ಟು ಜನರ ಮೇಲೆ ಸಿಟ್ಟು ಬಂತು. ಅತ್ತಿಗೆಯ ಮೇಲೆ, ಮೊಬೈಲಿನ ಮೇಲೆ, ದೊಡ್ಡದು ಮಾಡಬೇಡ ಎಂದ ಗಂಡನ ಮೇಲೆ. ಎದುರು ಮಾತಾಡಬಾರದು, ದನಿ ಎತ್ತಬಾರದು, ಒಳ್ಳೆಯ ಹುಡುಗಿಯರು ನಗುತ್ತ ಇರುತ್ತಾರೆ ಎಂದು ಹೇಳಿಕೊಟ್ಟ ಸಿಸ್ಟರ್‌ಗಳ ಮೇಲೂ. ಪಾಪ, ಅವರು ನಿಜ ಹೇಳುವುದನ್ನೂ ಹೇಳಿಕೊಟ್ಟಿದ್ದರು. ಎರಡರಲ್ಲಿ ಸುಲಭದ್ದನ್ನು ಆರಿಸಿಕೊಂಡವಳು ನಾನು.

ಮದುವೆಯ ಹಿಂದಿನ ದಿನ ಕುಣಿಗಲ್ಲಿನ ಮನೆಯ ನಡುಮನೆಯಲ್ಲಿ ಜಮಖಾನ ಹಾಸಿ, ಹೆಣ್ಣಿನ ಸೀರೆಗಳನ್ನೆಲ್ಲ ಬಂದವರಿಗೆ ತೋರಿಸುತ್ತಿದ್ದರು. ಧಾರೆ ಸೀರೆಯ ಸರದಿ ಬಂತು. ಕುಚ್ಚು ಕುಣಿಗಲ್ಲಿನಲ್ಲೇ ಯಾರೋ ಹಾಕಿದ್ದು, ಒಂದು ದಪ್ಪ, ಒಂದು ಸಣ್ಣ. ಅದನ್ನು ಯಾರಾದರೂ ಎತ್ತಿ ಆಡುವ ಮೊದಲೇ ಅತ್ತಿಗೆ ಶುರುಮಾಡಿದರು. "ಮೊದ್ಲು ತುಮಕೂರಲ್ಲಿ ಸಾಬ್ರಮ್ಮನ ಹತ್ರ ಕೊಟ್ಟಿದ್ದೆ. ಎಂಜಲು ಮಾಡಿ ಮಾಡಿ ಪೋಣಿಸ್ತಿದ್ಲು. ನನ್ನ ಕಣ್ಣಿಗೆ ಬಿತ್ತು, ಉಳ್ಕೊಂಡ್ವಿ. ಅವಳು ಹಾಕಿದ್ದಷ್ಟನ್ನೂ ಕತ್ತರಿಸಿ ಬಿಸಾಕಿಸ್ದೆ."

"ಆ ಎಂಜಲು ನಂದು ಅತ್ತಿಗೆ" ಎಂದೆ.

ದನಿ ಎತ್ತಿರಲಿಲ್ಲ. ಎತ್ತಲು ಬಂದಿದ್ದರೆ ತಾನೆ? ಮೂಲೆಯಲ್ಲಿ ಎಲೆ ಅಡಿಕೆ ಮೆಲ್ಲುತ್ತಿದ್ದ ಅಜ್ಜಿಯೊಬ್ಬರು, "ಏನಂದ್ಲು? ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳವ್ವ" ಎಂದರು. ಇನ್ನೊಂದು ಸಲ ಹೇಳಿದೆ. "ಆ ಸೂಜಿಗೆಲ್ಲ ದಾರ ಪೋಣಿಸಿದ್ದು ನಾನು. ಬಾಯಿಗಿಟ್ಟಿದ್ದು ನಾನು. ರಂಜಾನಲ್ಲಿ ಅವರು ದಾರ ತುಟಿಗೂ ತಗುಲಿಸಲ್ಲ. ಆವತ್ತು ಆ ವರಾಂಡದಲ್ಲಿ ಬಾಯಿ ಚೊಕ್ಕ ಇದ್ದೋರು ಅವರೊಬ್ರೇ. ಎಂಜಲು ಅಂತ ನಿಮಗೆ ಅಸಹ್ಯ ಆದ್ರೆ ನಾನು ಮಾಡಿದ ಅಡುಗೆ ಇನ್ಮೇಲೆ ಮುಟ್ಬೇಡಿ."

ಅತ್ತಿಗೆ ಸೀರೆಯನ್ನು ಮಡಿಸಿ ಮತ್ತೆ ಬಿಚ್ಚಿ ಮತ್ತೆ ಮಡಿಸಿದರು. "ಮದುವೆ ಮನೇಲಿ ಇದೆಲ್ಲ ಯಾಕೆ ಬುಡು" ಎಂದರು. ಆಮೇಲೆ, ತಡೆಯಲಾಗದೆ, "ಅದನ್ನ ಆವತ್ತೇ ಬಾಯಿ ಬಿಟ್ಟು ಹೇಳಕ್ಕೇನಾಗಿತ್ತು ನಿಂಗೆ?"

ಅದು ನ್ಯಾಯವಾದ ಪ್ರಶ್ನೆ. ಆಪಾ ಕೇಳಿದ್ದೂ ಅದನ್ನೇ.

ಆ ರಾತ್ರಿ ಊಟದ ಪಂಕ್ತಿಯಲ್ಲಿ ಅತ್ತಿಗೆ ನನ್ನ ಎಲೆಯನ್ನು ಬಿಟ್ಟು ಮುಂದಿನವರಿಗೆ ಬಡಿಸಿದರು. ನನ್ನ ಗಂಡ ವಾಪಸು ಬರುವಾಗ ಕುಣಿಗಲ್ಲಿನಿಂದ ಬಟವಾಡಿಯವರೆಗೆ ಒಂದು ಮಾತೂ ಆಡಲಿಲ್ಲ. ನಾನು ಕಾರಿನಲ್ಲಿ ಕೂತೇ ಬೀದಿಯ ಗುಂಪಿನಲ್ಲಿ ಬರೆದೆ: ಕುಚ್ಚಿನ ದಾರ ಬಾಯಿಗಿಟ್ಟು ಪೋಣಿಸಿದವಳು ನಾನು, ಅವರಲ್ಲ, ಅವರು ಉಪವಾಸ ಇದ್ದರು. ಬಹಳ ಜನ ಓದಿದರು. ಒಬ್ಬರು ಕೈಮುಗಿದ ಚಿತ್ರ ಹಾಕಿದರು, ಯಾವ ಅರ್ಥದಲ್ಲಿ ಎಂದು ಈಗಲೂ ಗೊತ್ತಿಲ್ಲ. ಇನ್ನೊಬ್ಬರು ಅದರ ಕೆಳಗೆ ನೀರಿನ ಟ್ಯಾಂಕರ್ ಎಷ್ಟು ಗಂಟೆಗೆ ಬರುತ್ತದೆ ಎಂದು ಕೇಳಿದರು. ಸುಳ್ಳು ಒಂದೇ ದಿನದಲ್ಲಿ ಬೀದಿಯೆಲ್ಲ ಸುತ್ತಿತ್ತು. ನಿಜ ಟ್ಯಾಂಕರಿನ ಪ್ರಶ್ನೆಯ ಮುಂದೆ ಒಂದು ಗಳಿಗೆಯೂ ನಿಲ್ಲಲಿಲ್ಲ.

ಈ ವರ್ಷ ಮತ್ತೆ ರಂಜಾನ್ ಬಂದಿದೆ. ಆಪಾ ಹೇಳಿದ ಹಾಗೆಯೇ ನಮ್ಮ ವರಾಂಡಕ್ಕೆ ಬಂದಿಲ್ಲ. ಬೆಳಿಗ್ಗೆ ಕೆಲಸ ಮುಗಿಸಿ ನಾನೇ ಸಿಟಿ ಬಸ್ಸಿನಲ್ಲಿ ಶಿರಾ ಗೇಟಿಗೆ ಹೋಗಿ, ಹನ್ನೆರಡು ಸೂಜಿ ಪೋಣಿಸಿ, ದಿಂಬಿಗೆ ಚುಚ್ಚಿಟ್ಟು ಬರುತ್ತೇನೆ. ನಮ್ಮ ಬೀದಿಯ ಇಬ್ಬರು ಮತ್ತೆ ಸೀರೆ ಕೊಟ್ಟಿದ್ದಾರೆ, ಉಳಿದವರು ಕೊಟ್ಟಿಲ್ಲ. ಗೋಡೆಯಲ್ಲಿ ಇನ್ನೂ ಬರಿದಾದ ಮೊಳೆಗಳಿವೆ. ಹೋದಾಗಲೆಲ್ಲ ಅವನ್ನು ಎಣಿಸುತ್ತೇನೆ.

ಹೋದ ವಾರ ಕುಣಿಗಲ್ಲಿನಿಂದ ಬಂದ ನೆಂಟರೊಬ್ಬರ ಕೈಯಲ್ಲಿ ಒಂದು ಕವರು ಬಂತು. ಒಳಗೆ ಅದೇ ಅರಿಶಿನ ಬಣ್ಣದ ಸೀರೆ. ಹಿಂದೆಯೇ ಅತ್ತಿಗೆಯ ಫೋನು, ಆ ಮದುವೆಯ ನಂತರ ಮೊದಲ ಸಲ. "ಕುಚ್ಚೆಲ್ಲ ಬಿಚ್ಕೊಂಡೈತೆ ಕಣೇ. ಆ ಯಮ್ಮನ ಹತ್ರನೇ ಹಾಕ್ಸು. ಅಂಥ ಕೈ ಇಲ್ಲಿ ಯಾರ್ಗೂ ಇಲ್ಲ. ಸೂಜಿ ಬೇಕಾದ್ರೆ ನೀನೇ ಪೋಣ್ಸು." ತಮಾಷೆ ಮಾಡಿದಂತೆ ನಕ್ಕರು. ತಪ್ಪಾಯಿತು ಎಂಬ ಮಾತು ಎಲ್ಲಿಯೂ ಇರಲಿಲ್ಲ. ಕವರನ್ನು ಬಾಗಿಲಾಚೆ ಎಸೆಯಬೇಕು ಎನ್ನಿಸಿತು. ಆದರೆ ಬೇಡ ಎನ್ನುವ ಹಕ್ಕು ನನ್ನದಲ್ಲ. ಅದನ್ನು ತೆಗೆದುಕೊಂಡು ಶಿರಾ ಗೇಟಿಗೆ ಹೋದೆ.

ಆಪಾ ಕೈ ತೊಳೆದು, ಒರೆಸಿ, ಮೂಸಿಕೊಂಡು ಸೆರಗು ಬಿಡಿಸಿದರು. ಹೆಬ್ಬೆರಳನ್ನು ಅಂಚಿನ ಉದ್ದಕ್ಕೂ ಸವರುತ್ತ ಬಂದು ಒಂದು ಕಡೆ ನಿಲ್ಲಿಸಿದರು. "ಇಲ್ಲಿ ಕತ್ರಿ ಹಾಕಿದಾರೆ. ಒಂಬತ್ತು."

"ಹಾಕ್ತೀರಾ ಆಪಾ? ಬೇಡ ಅನ್ನಿ, ನಾನೇ ವಾಪಸ್ ಕಳಿಸ್ತೀನಿ."

ಸೀರೆಯನ್ನು ಮಡಿಸಿ ಕವರಿಗೆ ಹಾಕಿ, ಬರಿದಾದ ಮೊಳೆಯೊಂದಕ್ಕೆ ನೇತುಹಾಕಿದರು. "ಹಬ್ಬ ಕಳೀಲಿ ಅಕ್ಕ, ಆಮೇಲೆ ಹೇಳ್ತೀನಿ. ಏನ್ ಹೇಳ್ಬೇಕು ಅನ್ನೋದು ಹೋದ್ವರ್ಷದಿಂದ ನಂಗ್ಗೊತ್ತೈತೆ. ಈಗ ಬೇಡ. ನಾನು ರೋಜಾ ಇದೀನಿ."

ನಾನು ರೋಜಾ ಇರಲಿಲ್ಲ. ಬೆಳಿಗ್ಗೆ ಎರಡು ದೋಸೆ ತಿಂದು ಹೊರಟಿದ್ದೆ. ಓಣಿಯಿಂದ ಹೊರಗೆ ಬಂದು, ಶಿರಾ ಗೇಟಿನ ಬಸ್ ಸ್ಟಾಪಿನಲ್ಲಿ ನಿಂತು ಕುಣಿಗಲ್ಲಿಗೆ ಫೋನ್ ಮಾಡಿದೆ. "ಅತ್ತಿಗೆ, ಹಬ್ಬ ಆದ್ಮೇಲೆ ನೀವೇ ಬನ್ನಿ ಅವರ ಮನೆಗೆ. ಸೀರೆಗಲ್ಲ. ಅವರು ಏನೋ ಹೇಳೋದಿದೆ, ಕೂತ್ಕೊಂಡು ಕೇಳಿಸ್ಕೊಳ್ಳಿ. ಆಮೇಲೆ ನೀವು ಹೇಳ್ಬೇಕಾಗಿದ್ದು ಹೇಳಿ."

"ಬಸ್ಸಿನ ಸದ್ದು, ಏನೂ ಕೇಳಿಸ್ತಿಲ್ಲ ಕಣೇ" ಎಂದರು ಅತ್ತಿಗೆ.

ಇನ್ನೊಂದು ಸಲ ಹೇಳಿದೆ. ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ.